ಗುರುವಿನ ಅರ್ಧ, ಶಿಷ್ಯನ ಅರ್ಧ

ಕಲಬುರಗಿಯ ಶಹಾಬಜಾರದಿಂದ ಸೇಡಂ ದಾರಿ ಹಿಡಿದು ಸುಮಾರು 40 ಕಿ.ಮೀ. ಸಾಗಿದರೆ ಕಾಗಿಣಾ ನದಿಯ ದಡದಲ್ಲಿ ಮಳಖೇಡ ಸಿಗುತ್ತದೆ. ಇದೇ ರಾಷ್ಟ್ರಕೂಟರ ಮಾನ್ಯಖೇಟ. ಈ ಊರಿನ ಹೆಸರೆತ್ತಿದೊಡನೆ ಅಮೋಘವರ್ಷ ನೃಪತುಂಗನೂ ‘ಕವಿರಾಜಮಾರ್ಗ’ವೂ ನೆನಪಾಗುತ್ತವೆ. ಆ ಅರಸನು ಯಾರ ಪಾದಗಳಿಗೆರಗಿ ತಾನು ಪವಿತ್ರನಾದೆನೆಂದು ಭಾವಿಸಿದನೋ, ಆ ಜಿನಸೇನಾಚಾರ್ಯರನ್ನೂ ಬಲ್ಲವರು ಸ್ಮರಿಸುತ್ತಾರೆ. ಆದರೆ ಜಿನಸೇನರನ್ನು ರೂಪಿಸಿದ ವೀರಸೇನಾಚಾರ್ಯರನ್ನು ನೆನೆಯುವವರು ವಿರಳ.

ವೀರಸೇನರು ಏಲಾಚಾರ್ಯರಲ್ಲಿ ಸಿದ್ಧಾಂತವನ್ನು ಅಭ್ಯಸಿಸಿದವರು. ಷಟ್ಖಂಡಾಗಮಕ್ಕೆ ಅವರು ಬರೆದ ‘ಧವಲಾ’ ಟೀಕೆಯ ಗಾತ್ರ 72,000 ಶ್ಲೋಕಪ್ರಮಾಣ. ಪ್ರಾಕೃತ, ಸಂಸ್ಕೃತಗಳು ಬೆರೆತ ಆ ಮಹಾಟೀಕೆ ಹಳಗನ್ನಡ ಲಿಪಿಯ ಓಲೆಗರಿಗಳಲ್ಲಿ ಮೂಡಬಿದಿರೆಯಲ್ಲಿ ಉಳಿದುಬಂದಿತು. ಇಷ್ಟು ಬರೆದವರಿಗೆ ಪಾಠ ಹೇಳಲು ಬಿಡುವೆಲ್ಲಿತ್ತು ಎಂದು ಅಚ್ಚರಿಯಾಗುತ್ತದೆ. ಅದಕ್ಕೆ ಉತ್ತರವನ್ನು ಅವರ ಶಿಷ್ಯರಲ್ಲಿಯೇ ಹುಡುಕಬೇಕು.

ಜಿನಸೇನರು ಕಿವಿ ಚುಚ್ಚುವ ವಯಸ್ಸಿಗೂ ಮೊದಲೇ ಗುರುವಿನ ಬಳಿಗೆ ಬಂದವರು. ‘ಜಯಧವಲಾ’ ಟೀಕೆಯ ಪ್ರಶಸ್ತಿಯಲ್ಲಿ ಅವರು ತಮ್ಮ ಬಗ್ಗೆ ತಾವೇ ಹೇಳಿಕೊಂಡಿರುವುದು ಮನಮುಟ್ಟುವಂತಿದೆ: ತಾವು ಅಂಥ ರೂಪವಂತರಲ್ಲ, ಬಹಳ ಚತುರರೂ ಅಲ್ಲ, ಆದರೂ ಸರಸ್ವತಿ ತಮಗೆ ಒಲಿದಳು. ಇದರಲ್ಲಿ ವಿನಯದ ಪಾಲು ಇದ್ದೇ ಇದೆ. ಆದರೂ ಇದನ್ನು ಓದಿದಾಗಲೆಲ್ಲ ನನ್ನ ಗಮನ ಗುರುವಿನ ಕಡೆಗೆ ಹರಿಯುತ್ತದೆ. ಚುರುಕಾದ ಹುಡುಗನನ್ನು ಆರಿಸಿಕೊಂಡು ಮೆರೆಸುವುದು ಸುಲಭ. ವೀರಸೇನರು ಹಾಗೆ ಮಾಡಿದಂತೆ ಕಾಣುವುದಿಲ್ಲ.

ಕಸಾಯಪಾಹುಡಕ್ಕೆ ‘ಜಯಧವಲಾ’ ಟೀಕೆಯನ್ನು ಆರಂಭಿಸಿ ಸುಮಾರು 20,000 ಶ್ಲೋಕಪ್ರಮಾಣವನ್ನು ಬರೆಯುವಷ್ಟರಲ್ಲಿ ವೀರಸೇನರು ದಿವಂಗತರಾದರು. ಉಳಿದ 40,000ವನ್ನು ಜಿನಸೇನರು ಬರೆದು, ಶಕ 759ರ ಫಾಲ್ಗುಣ ಶುಕ್ಲ ದಶಮಿಯಂದು, ಎಂದರೆ ಕ್ರಿ.ಶ. 837ರಲ್ಲಿ, ಮುಗಿಸಿದರು. ಹೇಳಬೇಕಾದ ಹೆಚ್ಚಿನದನ್ನೆಲ್ಲ ಗುರುಗಳು ಪೂರ್ವಾರ್ಧದಲ್ಲೇ ಬೆಳಗಿಸಿದ್ದರು, ಅದನ್ನು ನೋಡಿ ಅಲ್ಪವೇ ಉಳಿದಿದ್ದ ಉತ್ತರಾರ್ಧವನ್ನು ತಾವು ತುಂಬಿದೆವು ಎಂಬುದು ಅವರ ನಿವೇದನೆ. ಲೆಕ್ಕ ನೋಡಿದರೆ ಆ ‘ಅಲ್ಪ’ವು ಗುರುವಿನ ಭಾಗದ ಇಮ್ಮಡಿ! ಶಿಷ್ಯನ ಲೆಕ್ಕಾಚಾರವೇ ಬೇರೆ.

ವೀರಸೇನರ ಬಳಗದಲ್ಲಿ ಒಬ್ಬರನ್ನೊಬ್ಬರು ಹುರಿದುಂಬಿಸುವ ರೂಢಿಯೂ ಇದ್ದಿತು. ‘ಮೇಘದೂತ’ದ ಪಾದಗಳನ್ನೆಲ್ಲ ಒಡಲಲ್ಲಿ ಹುದುಗಿಸಿಕೊಂಡ ‘ಪಾರ್ಶ್ವಾಭ್ಯುದಯ’ವನ್ನು ಜಿನಸೇನರು ಬರೆದದ್ದು ಸಹಪಾಠಿ ವಿನಯಸೇನರ ಪ್ರೇರಣೆಯಿಂದ.

ಮುಂದೆ ಜಿನಸೇನರ ಪಾಡೂ ಗುರುವಿನಂತೆಯೇ ಆಯಿತು. ಮಹಾಪುರಾಣವನ್ನು ಕೈಗೆತ್ತಿಕೊಂಡು, ಆದಿಪುರಾಣದ 42 ಪರ್ವಗಳನ್ನೂ 43ನೆಯ ಪರ್ವದ ಮೂರು ಪದ್ಯಗಳನ್ನೂ ರಚಿಸಿ ಅವರು ತೀರಿಕೊಂಡರು. ಮುಂದುವರಿಸಬಲ್ಲವನಾರೆಂದು ತಿಳಿಯಲು ಅವರು ಎದುರಿಗಿದ್ದ ಒಣಮರವನ್ನು ತೋರಿಸಿ ಇಬ್ಬರು ಶಿಷ್ಯರಿಂದ ಬಣ್ಣನೆ ಮಾಡಿಸಿದರೆಂದೂ, ಇಂಪಾಗಿ ನುಡಿದ ಗುಣಭದ್ರರನ್ನು ಆರಿಸಿದರೆಂದೂ ಕಥೆಯಿದೆ. ಇದೇ ಕಥೆಯನ್ನು ಬಾಣನ ಮಕ್ಕಳ ಮೇಲೂ ಹೇಳುತ್ತಾರೆ. ಆದ್ದರಿಂದ ನಾನು ಇದನ್ನು ಇತಿಹಾಸವೆಂದು ನಂಬಲಾರೆ. ಗುಣಭದ್ರರ ಮಾತೇ ಇದಕ್ಕಿಂತ ಹೆಚ್ಚು ನೆಚ್ಚತಕ್ಕದ್ದು. ಪುರಾಣವನ್ನು ಕಬ್ಬಿಗೆ ಹೋಲಿಸಿ, ಸವಿಯೆಲ್ಲ ಪೂರ್ವಾರ್ಧದ್ದೇ ಎಂದು ಅವರು ಒಪ್ಪಿಕೊಳ್ಳುತ್ತಾರೆ. ತಮ್ಮ ಹೃದಯದಲ್ಲಿ ಗುರುಗಳು ನೆಲೆಸಿರುವುದರಿಂದ ಮಾತುಗಳನ್ನು ಅವರೇ ತಿದ್ದಿಕೊಳ್ಳುವರೆಂದು ಧೈರ್ಯ ತಾಳುತ್ತಾರೆ. ಹಾಗೆ ಆದಿಪುರಾಣದ ಉಳಿದ ಭಾಗವೂ ಉತ್ತರಪುರಾಣವೂ ಸಿದ್ಧವಾದವು. ಈ ಆದಿಪುರಾಣದ ಆಧಾರದ ಮೇಲೆಯೇ ಪಂಪನು 941ರಲ್ಲಿ ತನ್ನ ಕನ್ನಡ ಕಾವ್ಯವನ್ನು ಕಟ್ಟಿದ.

ಶಕ 820ರಲ್ಲಿ, ಲೋಕಾದಿತ್ಯನು ಬಂಕಾಪುರವನ್ನು ಆಳುತ್ತಿದ್ದಾಗ, ಅಲ್ಲಿ ಈ ಪುರಾಣಕ್ಕೆ ಪೂಜೆ ನಡೆಯಿತು. ಆ ಸಂಗತಿಯನ್ನು ಉತ್ತರಪುರಾಣದ ಕೊನೆಯಲ್ಲಿ ಬರೆದು ಸೇರಿಸಿದವರು ಗುಣಭದ್ರರ ಶಿಷ್ಯ ಲೋಕಸೇನರೆಂದು ವಿದ್ವಾಂಸರು ಹೇಳುತ್ತಾರೆ.