ಬೇಡ ಎಂದ ಇಂದಿರೆ, ಬೇಕು ಎಂದ ಮಾಧವಿ

ಪುಟ್ಟಣ್ಣ ಕಣಗಾಲ್ ಅವರ ಸಿನಿಮಾದ ಮಾತೆದ್ದ ಕಡೆ ಐದು ನಿಮಿಷ ಕಳೆಯುವುದರೊಳಗೆ ಕಾವೇರಿ ಬಂದು ಕೂರುತ್ತಾಳೆ. ‘ಶರಪಂಜರ’ದ ಕಾವೇರಿ. ಅವಳಿಗಿಂತ ಮಿಗಿಲಾದ ಹೆಣ್ಣುಪಾತ್ರ ಕನ್ನಡದಲ್ಲಿ ಬಂದೇ ಇಲ್ಲ ಎಂದು ಒಬ್ಬರು ತೀರ್ಪು ಕೊಟ್ಟರೆ, ‘ರಂಗನಾಯಕಿ’ಯ ಆರತಿಯನ್ನು ನೀವು ನೋಡೇ ಇಲ್ಲವೇ ಎಂದು ಇನ್ನೊಬ್ಬರು ತಿರುಗಿಬೀಳುತ್ತಾರೆ. ಮೂಲೆಯಲ್ಲಿ ಕುಳಿತವರು ಸ್ವಲ್ಪ ದನಿ ತಗ್ಗಿಸಿ ‘ಎಡಕಲ್ಲು ಗುಡ್ಡದ ಮೇಲೆ’ಯ ಜಯಂತಿಯ ಹೆಸರು ಹೇಳುತ್ತಾರೆ. ಒಬ್ಬರು ಪಾತ್ರದ ಹೆಸರು ಹೇಳಿದರು, ಉಳಿದಿಬ್ಬರು ನಟಿಯ ಹೆಸರು. ಈ ಜಗಳ ಇಷ್ಟು ವರ್ಷವಾದರೂ ಬಗೆಹರಿಯದೆ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಯಾರ ಅಭಿನಯ ದೊಡ್ಡದು ಎಂಬ ಪ್ರಶ್ನೆ ಬೇರೆ, ಯಾವ ಹೆಣ್ಣು ದೊಡ್ಡವಳು ಎಂಬ ಪ್ರಶ್ನೆ ಬೇರೆ. ನಾನಿಲ್ಲಿ ಎರಡನೆಯದನ್ನಷ್ಟೇ ಹಿಡಿದು 1967ರಿಂದ 1985ರವರೆಗೆ ನಡೆದು ಬರುತ್ತೇನೆ.

ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಿಂದ ಹೊರಟ ಹುಡುಗ ಬಿ.ಆರ್. ಪಂತುಲು ಅವರ ಕೈಕೆಳಗೆ ಪಳಗಿ, 1964ರಲ್ಲಿ ಮಲಯಾಳಂನ ‘ಸ್ಕೂಲ್ ಮಾಸ್ಟರ್’ ಮೂಲಕ ನಿರ್ದೇಶಕನಾದ. ಕನ್ನಡಕ್ಕೆ ಬಂದಾಗ ಕೈಗೆತ್ತಿಕೊಂಡದ್ದು ತ್ರಿವೇಣಿಯವರ ‘ಬೆಳ್ಳಿಮೋಡ’. ಮಧ್ಯಾಹ್ನದ ಕೆಲಸ ಮುಗಿಸಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೆಂಗಸರು ಓದುತ್ತಿದ್ದ ಬಗೆಯ ಕಾದಂಬರಿ ಅದು. ಗಂಡಸರು ಅದನ್ನು ಲಘುವಾಗಿ ಕಾಣುತ್ತಿದ್ದ ಕಾಲದಲ್ಲಿ ಪುಟ್ಟಣ್ಣ ಅದರಲ್ಲಿ ಒಂದು ಇಡೀ ಪ್ರೇಕ್ಷಕವರ್ಗವನ್ನೇ ಕಂಡರು. ಮುಂದೆ ಆರ್ಯಾಂಬ ಪಟ್ಟಾಭಿ, ಎಂ.ಕೆ. ಇಂದಿರಾ, ದೇವಕಿ ಮೂರ್ತಿ, ವಾಣಿ, ಅನುಪಮಾ ನಿರಂಜನ ಇವರೆಲ್ಲರ ಕಾದಂಬರಿಗಳು ಅವರ ಕೈಯಲ್ಲಿ ಸಿನಿಮಾ ಆದವು. ಪುಟ್ಟಣ್ಣನ ಹೆಣ್ಣುಗಳು ಎಂದು ನಾವು ಸಲೀಸಾಗಿ ಕರೆಯುವವರಲ್ಲಿ ಅನೇಕರು ಹುಟ್ಟಿದ್ದು ಲೇಖಕಿಯರ ಮೇಜಿನ ಮೇಲೆ. ಈ ಮಾತಿಗೆ ಮತ್ತೆ ಬರುತ್ತೇನೆ.

‘ಬೆಳ್ಳಿಮೋಡ’ದ ಇಂದಿರೆ ಕಾಫಿ ತೋಟದ ಸಾಹುಕಾರರ ಒಬ್ಬಳೇ ಮಗಳು. ಅವಳ ಅಪ್ಪನ ದುಡ್ಡಿನಲ್ಲಿ ವಿದೇಶಕ್ಕೆ ಹೋಗಿ ಓದಿ ಬರುವ ಮೋಹನನಿಗೆ ಅವಳನ್ನು ಕೊಡುವುದೆಂದು ಮಾತಾಗಿದೆ. ಅಷ್ಟರಲ್ಲಿ ಇಂದಿರೆಯ ತಾಯಿಗೆ ತಡವಾಗಿ ಗಂಡುಮಗು ಹುಟ್ಟುತ್ತದೆ, ತಾಯಿ ತೀರಿಕೊಳ್ಳುತ್ತಾಳೆ. ಆಸ್ತಿಗೆ ವಾರಸುದಾರ ಬಂದ ಮೇಲೆ ಮೋಹನನ ಪ್ರೀತಿ ಕರಗುತ್ತದೆ. ಆಮೇಲೆ ಅವನು ಬಿದ್ದು ಗಾಯಗೊಂಡಾಗ ಆರೈಕೆ ಮಾಡುವವಳು ಇದೇ ಇಂದಿರೆ. ಅವನಿಗೆ ಪಶ್ಚಾತ್ತಾಪವಾಗುತ್ತದೆ, ಮದುವೆಯಾಗು ಎನ್ನುತ್ತಾನೆ. ಇಲ್ಲಿಯವರೆಗೆ ಕಥೆ ನಮಗೆ ಗೊತ್ತಿರುವ ದಾರಿಯಲ್ಲೇ ಬಂದಿದೆ. ಬೇರೆ ಯಾವ ಸಿನಿಮಾ ಆಗಿದ್ದರೂ ಅವನ ಒಂದು ಹನಿ ಕಣ್ಣೀರಿಗೆ ಅವಳು ಕರಗಿಬಿಡುತ್ತಿದ್ದಳು, ಓಲಗ ಊದಿಸಿ ಜನರನ್ನು ಮನೆಗೆ ಕಳಿಸುತ್ತಿದ್ದರು. ಇಂದಿರೆ ಒಲ್ಲೆ ಎನ್ನುತ್ತಾಳೆ. ಕೂಗಾಡುವುದಿಲ್ಲ, ಶಾಪ ಹಾಕುವುದಿಲ್ಲ. ಆರೈಕೆ ಮಾಡಿದ್ದು ಮನುಷ್ಯಳಾಗಿ, ಮದುವೆ ಎಂಬುದು ಬೇರೆ ಲೆಕ್ಕ ಎಂಬಂತೆ ನಡೆದುಕೊಳ್ಳುತ್ತಾಳೆ. 1967ರ ಟೆಂಟು, ಟಾಕೀಸುಗಳಲ್ಲಿ ಕೂತವರಿಗೆ ಇದು ಹೊಸದು. ಇಂದಿರೆಯಾಗಿದ್ದ ಕಲ್ಪನಾಗೆ ರಾಜ್ಯದ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಮುಂದೆ ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’ಗಳಿಗೂ ಬಂತು. ಸೋಜಿಗವೆಂದರೆ ಆ ಮೂರೂ ತ್ರಿವೇಣಿಯವರ ಕಥೆಗಳೇ. ಅವುಗಳಲ್ಲಿ ಒಂದನ್ನೂ ತೆರೆಯ ಮೇಲೆ ನೋಡಲು ತ್ರಿವೇಣಿ ಇರಲಿಲ್ಲ. 1963ರಲ್ಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು.

1969ರಲ್ಲಿ ಬಂದ ‘ಮಲ್ಲಮ್ಮನ ಪವಾಡ’ ಮತ್ತು ‘ಕಪ್ಪು ಬಿಳುಪು’ ಎರಡನ್ನೂ ಬೇಗ ದಾಟೋಣ. ಮಲ್ಲಮ್ಮನಾಗಿ ಬಿ. ಸರೋಜಾದೇವಿ, ಮುಗ್ಧ ಗಂಡನಾಗಿ ರಾಜ್‌ಕುಮಾರ್. ಓದಿದ ಸೊಸೆ ಕುತಂತ್ರದ ಮಲ ಅತ್ತೆಗೆ ಎದುರು ನಿಲ್ಲುವ ಕಥೆ. ಅದೇ ಕಥೆ ತಮಿಳು, ಹಿಂದಿ ಸುತ್ತಿ ‘ಅಣ್ಣಯ್ಯ’ ಎಂಬ ಹೆಸರಿನಲ್ಲಿ 1993ರಲ್ಲಿ ಮತ್ತೆ ಕನ್ನಡಕ್ಕೇ ಬಂದದ್ದು ಒಂದು ತಮಾಷೆ. ಮಲ್ಲಮ್ಮ ಗಟ್ಟಿಗಿತ್ತಿ ನಿಜ. ಅವಳ ಗಟ್ಟಿತನವೆಲ್ಲ ಗಂಡನ ಆಸ್ತಿ ಉಳಿಸುವುದಕ್ಕೆ ಖರ್ಚಾಗುತ್ತದೆ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ‘ಗೆಜ್ಜೆಪೂಜೆ’ಯ ಮುಂದೆ. ಎಂ.ಕೆ. ಇಂದಿರಾ ಅವರ ಕಾದಂಬರಿ. ಚಂದ್ರಾ ವೇಶ್ಯೆಯರ ಮನೆಯಲ್ಲಿ ಹುಟ್ಟಿ, ಓದು ಕಲಿತು, ಪಕ್ಕದ ಮನೆಯ ಸೋಮುವನ್ನು ಪ್ರೀತಿಸಿ, ಗೃಹಿಣಿಯಾಗುವುದೊಂದೇ ಆಸೆ ಇಟ್ಟುಕೊಂಡ ಹುಡುಗಿ. ಗೆಜ್ಜೆಪೂಜೆಯ ಶಾಸ್ತ್ರ ಅವಳನ್ನು ಅದೇ ಕಸುಬಿಗೆ ಎಳೆದುಕೊಳ್ಳುತ್ತದೆ, ಅವಳು ಪ್ರಾಣ ಬಿಡುತ್ತಾಳೆ. ರಾಜ್ಯದಲ್ಲಿ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ಬಂದದ್ದು 1982ರಲ್ಲಿ. ಸಿನಿಮಾ ಒಂದು ದಶಕ ಮೊದಲೇ ಆ ಶಾಸ್ತ್ರವನ್ನು ಮಧ್ಯಮವರ್ಗದ ಕಣ್ಣೆದುರು ಇಟ್ಟಿತು. ಆದರೂ ನನ್ನ ಓಟು ಇಲ್ಲಿ ಚಂದ್ರಾಗಿಂತ ಅವಳ ತಾಯಿ ಅಪರ್ಣಳಿಗೆ ಹತ್ತಿರ. ಲೀಲಾವತಿ ಮಾಡಿದ ಆ ಪಾತ್ರ ಮಗಳನ್ನು ಹೊರಗೆ ಕಳಿಸಲು ಒದ್ದಾಡುತ್ತದೆ, ಹಾಗೆ ಕಳಿಸುವ ಬಾಗಿಲೇ ಇಲ್ಲ ಎಂಬುದೂ ಅದಕ್ಕೆ ಗೊತ್ತು. ಬದುಕಿದ್ದು ನೋಡಬೇಕಾದವಳು ಅವಳು. ಇದೇ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ಪ್ರೇಮಾ ಕಾರಂತರು 1983ರಲ್ಲಿ ತೆರೆಗೆ ತಂದಾಗ ಅಳು ತೀರಾ ಕಡಿಮೆ, ಸಾವಿನ ನಾಟಕವೂ ಇಲ್ಲ. ಎರಡನ್ನೂ ಒಂದೇ ವಾರದಲ್ಲಿ ನೋಡಿದರೆ ಪುಟ್ಟಣ್ಣ ಎಷ್ಟು ದೂರ ಬಂದಿದ್ದರು, ಎಲ್ಲಿ ನಿಂತುಬಿಟ್ಟರು ಎಂಬುದು ಕಾಣುತ್ತದೆ.

ಈಗ ಕಾವೇರಿ. ಮದುವೆಗೆ ಮೊದಲಿನ ಒಂದು ಕಹಿ ನೆನಪನ್ನು ಒಳಗೇ ಹೂತಿಟ್ಟು ಸಂಸಾರ ಮಾಡುತ್ತಿದ್ದವಳಿಗೆ ಎರಡನೆಯ ಹೆರಿಗೆಯ ನಂತರ ಚಿತ್ತ ಕದಡುತ್ತದೆ. ಬಾಣಂತಿ ಸನ್ನಿ ಎಂದು ಊರಲ್ಲಿ ಕರೆಯುತ್ತಿದ್ದ ಕಾಯಿಲೆಯನ್ನು ಮನಶ್ಶಾಸ್ತ್ರ ಓದಿಕೊಂಡಿದ್ದ ತ್ರಿವೇಣಿ ಬರೆದರು. ಪುಟ್ಟಣ್ಣ ಅದರ ಎರಡನೆಯ ಅರ್ಧವನ್ನು ದೊಡ್ಡದು ಮಾಡಿದರು. ಕಾಯಿಲೆಗಿಂತ ಗುಣವಾದದ್ದೇ ಈ ಚಿತ್ರದಲ್ಲಿ ಭಯಂಕರ. ಆಸ್ಪತ್ರೆಯಿಂದ ಮರಳಿದ ಕಾವೇರಿ ಜೋರಾಗಿ ನಕ್ಕರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ, ಸುಮ್ಮನಿದ್ದರೂ ನೋಡಿಕೊಳ್ಳುತ್ತಾರೆ. ಮಡಿಲಲ್ಲಿ ಮಗು ಇಟ್ಟುಕೊಳ್ಳಲು ಕೂಡ ಅವಳಿಗೆ ಪರೀಕ್ಷೆ. ಅವಳ ಹಳೆಯದೊಂದು ತಪ್ಪಿಗೆ ಕ್ಷಮೆ ಇಲ್ಲ, ಗಂಡ ಸತೀಶನ ಹೊಸ ಸಂಬಂಧಕ್ಕೆ ವಿಚಾರಣೆಯೇ ಇಲ್ಲ. ಆ ಸತ್ಯ ಗೊತ್ತಾದ ಮೇಲೆ ಕಾವೇರಿ ಮತ್ತೆ ಮುರಿಯುತ್ತಾಳೆ, ಈ ಸಲ ವಾಪಸು ಬರುವ ದಾರಿಯಿಲ್ಲ. ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು, ಹಾಗೆಯೇ ಕಲ್ಪನಾ ಉಟ್ಟಂಥ ಸೀರೆ, ತೊಟ್ಟಂಥ ರವಿಕೆ ಕೇಳಿಕೊಂಡು ಅಂಗಡಿಗೂ ಹೋದರು. ಎರಡೂ ನಿಜ.

ಹಾಗಿದ್ದೂ ಕಾವೇರಿಯನ್ನು ಮೊದಲ ಸ್ಥಾನದಲ್ಲಿ ಕೂರಿಸಲು ನನ್ನ ಕೈ ಹಿಂಜರಿಯುತ್ತದೆ. ಚಿತ್ರ ದೊಡ್ಡದು, ಅಭಿನಯ ಅದಕ್ಕಿಂತ ದೊಡ್ಡದು. ಆದರೆ ಕಾವೇರಿಗೆ ಎಲ್ಲವೂ ಆಗುತ್ತದೆ, ಅವಳು ಮಾಡುವುದು ಕಡಿಮೆ. ಪ್ರೀತಿಸಿ ಮದುವೆಯಾದದ್ದನ್ನು ಬಿಟ್ಟರೆ ಅವಳ ಸ್ವಂತ ನಿರ್ಧಾರಗಳನ್ನು ಬೆರಳಲ್ಲಿ ಎಣಿಸಬಹುದು. ನಾವು ಅಳುವುದು ಅವಳಿಗಾಗಿ. ಅವಳ ಜತೆ ವಾದ ಮಾಡಬೇಕು ಅನ್ನಿಸುವುದಿಲ್ಲ. ದೊಡ್ಡ ಪಾತ್ರದ ಜತೆ ಪ್ರೇಕ್ಷಕ ಒಮ್ಮೆಯಾದರೂ ಜಗಳ ಆಡಬೇಕು.

ಅಂಥ ಜಗಳಕ್ಕೆ ‘ನಾಗರಹಾವು’ ಒಂದು ಅವಕಾಶ ಕೊಟ್ಟಿತ್ತು. 1972ರ ಆ ಚಿತ್ರಕ್ಕೆ ತ.ರಾ.ಸು. ಅವರ ಮೂರು ಕಾದಂಬರಿಗಳ ಆಧಾರ. ಪುಟ್ಟಣ್ಣ ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ತ.ರಾ.ಸು. ಬೇಸರಪಟ್ಟರೆಂಬ ಮಾತು ಇಂದಿಗೂ ಓಡಾಡುತ್ತದೆ. ಅದು ನಾಯಕ ರಾಮಾಚಾರಿಯ ವಿಷಯ. ಹೆಣ್ಣುಗಳ ವಿಷಯಕ್ಕೆ ಬಂದರೆ ಅಲಮೇಲು ಮತ್ತು ಮಾರ್ಗರೇಟ್ ಇಬ್ಬರೂ ಅವನ ಸಿಟ್ಟನ್ನು ಅಳೆಯುವ ಅಳತೆಗೋಲು. ಗಂಡನೇ ಮಾರಿಬಿಟ್ಟ ಅಲಮೇಲು ಮತ್ತೆ ಎದುರಾಗುವ ದೃಶ್ಯ ಎದೆಗೆ ನಾಟುತ್ತದೆ, ಆದರೆ ಅಲ್ಲಿಯೂ ಕ್ಯಾಮೆರಾ ಕೇಳುವುದು ರಾಮಾಚಾರಿಗೆ ಎಷ್ಟು ನೋವಾಯಿತು ಎಂದು. ಇಡೀ ಚಿತ್ರದಲ್ಲಿ ತನ್ನ ಕಾಲ ಮೇಲೆ ನಿಂತವಳು ಒಂದೇ ಹಾಡಿನ ಹೊತ್ತು ಬಂದು ಹೋಗುವ ಓಬವ್ವ. ಕೈಯಲ್ಲಿ ಒನಕೆ ಹಿಡಿದ ಜಯಂತಿ. ಚಿತ್ರದುರ್ಗದ ಕಿಂಡಿಯ ಬಳಿ ಈಗಲೂ ಪ್ರವಾಸಿಗಳ ಕಣ್ಣಿಗೆ ಬರುವ ಓಬವ್ವನ ಮುಖ ಜಯಂತಿಯದೇ.

ಮರುವರ್ಷ ಅದೇ ಜಯಂತಿ ‘ಎಡಕಲ್ಲು ಗುಡ್ಡದ ಮೇಲೆ’ಯ ಮಾಧವಿ. ಕಾದಂಬರಿ ಭಾರತೀಸುತರದು, ಬೆಟ್ಟ ವಯನಾಡಿನದು. ಗಾಯಗೊಂಡು ದಾಂಪತ್ಯಸುಖ ಕೊಡಲಾಗದ ಒಳ್ಳೆಯ ಗಂಡ. ಎದುರಿಗೆ ಯುವಕ ನಂಜುಂಡ. ಇಲ್ಲಿ ಮೋಸಗಾರ ಗಂಡಸಿಲ್ಲ, ಕುತಂತ್ರದ ಅತ್ತೆಯಿಲ್ಲ, ಬಲಾತ್ಕಾರವಿಲ್ಲ. ಮಾಧವಿಗೆ ಬೇಕು, ಅಷ್ಟೇ. ಕನ್ನಡದ ಜನಪ್ರಿಯ ಸಿನಿಮಾದಲ್ಲಿ ಖಳನಾಯಕಿಯೂ ಅಲ್ಲದ, ಸೂಳೆಯೂ ಅಲ್ಲದ, ಮನೆವಂತೆ ಹೆಣ್ಣೊಬ್ಬಳಿಗೆ ‘ಬೇಕು’ ಎಂಬ ಭಾವ ಇರಬಹುದೆಂದು ಇಷ್ಟು ನೇರವಾಗಿ ತೋರಿಸಿದ್ದು ದೊಡ್ಡ ಧೈರ್ಯ. ಜಯಂತಿ ಅದನ್ನು ಕಣ್ಣಲ್ಲೇ ಮಾಡಿದರು. ತಡೆದುಕೊಳ್ಳುವಾಗಿನ ಬಿಗಿ, ತಡೆಯಲಾರದಾಗಿನ ನಾಚಿಕೆ, ಆಮೇಲಿನ ಭಯ ಒಂದರ ಹಿಂದೊಂದು ಬರುತ್ತವೆ. ರಾಜ್ಯ ಪ್ರಶಸ್ತಿ ಸಿಕ್ಕಿತು. ನಂಜುಂಡನಾಗಿದ್ದ ಚಂದ್ರಶೇಖರ್ ಅವರಂತೂ ಜೀವನಪೂರ್ತಿ ‘ಎಡಕಲ್ಲು ಗುಡ್ಡ’ವನ್ನು ಹೆಸರಿನ ಹಿಂದೆ ಹೊತ್ತುಕೊಂಡೇ ನಡೆದರು. ಆದರೆ ಚಿತ್ರ ಮಾಧವಿಯನ್ನು ಉಳಿಸುವುದಿಲ್ಲ. ಅಷ್ಟು ದೂರ ಕರೆದುಕೊಂಡು ಹೋದ ನಿರ್ದೇಶಕನೇ ಗುಡ್ಡದ ಮೇಲೆ ಅವಳ ಕೈಬಿಟ್ಟ ಎಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ.

ಇಲ್ಲಿಗೆ ಹಿಂದೆ ಬಿಟ್ಟುಬಂದ ಮಾತಿಗೆ ಬರಬಹುದು. ಲೇಖಕರ ಕಾದಂಬರಿಗಳಿಂದ ಬಂದ ಮಾರ್ಗರೇಟ್, ಮಾಧವಿ, ರಂಗನಾಯಕಿ ಯಾರಿಗೂ ಚಿತ್ರದ ಕೊನೆಯಲ್ಲಿ ಬದುಕು ಉಳಿದಿಲ್ಲ. ಲೇಖಕಿಯರಿಂದ ಬಂದವರಲ್ಲಿ ಚಂದ್ರಾ ಸತ್ತಳು, ಕಾವೇರಿ ಹುಚ್ಚಾಸ್ಪತ್ರೆ ಸೇರಿದಳು ಎಂಬುದು ದಿಟ. ಆದರೆ ಇಂದಿರೆ, ವಾಣಿಯವರ ‘ಶುಭಮಂಗಳ’ದ ಹೇಮಾ ಇಬ್ಬರೂ ತಲೆ ಎತ್ತಿಯೇ ಉಳಿದರು. ಹೆಂಗಸರು ತಮ್ಮ ನಾಯಕಿಗೆ ಕಷ್ಟ ಕೊಟ್ಟರೂ ನಾಳೆ ಬೆಳಿಗ್ಗೆ ಅವಳು ಏಳಬೇಕಲ್ಲ ಎಂದು ಯೋಚಿಸುತ್ತಾರೇನೋ. ಇದನ್ನು ನಿಯಮ ಮಾಡಲು ಹೊರಟರೆ ಚಂದ್ರಾಳೇ ಅಡ್ಡ ಬರುತ್ತಾಳೆ, ಹಾಗಾಗಿ ಇಷ್ಟಕ್ಕೇ ಬಿಡುತ್ತೇನೆ.

1974ರ ನಂತರದ್ದು ಆರತಿಯ ಕಾಲ. ‘ಉಪಾಸನೆ’ಯಲ್ಲಿ ವೀಣೆಗೆ ಬದುಕು ಒಪ್ಪಿಸಿದ ಶಾರದೆ, ‘ಶುಭಮಂಗಳ’ದಲ್ಲಿ ಸ್ವಾಭಿಮಾನವೇ ಮೈವೆತ್ತ ಹೇಮಾ, ‘ಕಥಾಸಂಗಮ’ದಲ್ಲಿ ಕಣ್ಣಿಲ್ಲದ ಮುನಿತಾಯಿ. ಆ ಕೊನೆಯದರಲ್ಲಿ ಅವಳನ್ನು ಹಾಳುಮಾಡುವ ಪೋಕರಿಯಾಗಿ ಹೊಸಮುಖ ರಜನೀಕಾಂತ್ ಇದ್ದರು. ಹೇಮಾಳನ್ನು ಜನ ಮೆಚ್ಚಿದರು, ನನಗೆ ಮಾತ್ರ ಅವಳು ಸ್ವಲ್ಪ ಬರೆದು ಇಟ್ಟಂತೆ ಕಾಣುತ್ತಾಳೆ. ‘ಕಾಲೇಜು ರಂಗ’, ‘ಪಡುವಾರಳ್ಳಿ ಪಾಂಡವರು’ ಚಿತ್ರಗಳಲ್ಲಿ ಕಾಳಜಿ ಬೇರೆಯದು, ಅಲ್ಲಿ ಹೆಣ್ಣುಗಳನ್ನು ಹುಡುಕುವುದು ಬೇಡ.

‘ರಂಗನಾಯಕಿ’ 1981ರದು, ಅಶ್ವತ್ಥರ ಕಾದಂಬರಿ. ನಾಟಕದ ಕಂಪನಿಯಲ್ಲಿ ಬೆಳೆದ ಹೆಣ್ಣು ಮದುವೆಗಾಗಿ ಬಣ್ಣ ಬಿಡುತ್ತಾಳೆ, ಕಂಪನಿಯ ಕಷ್ಟಕ್ಕೆ ಒಮ್ಮೆ ಮತ್ತೆ ಬಣ್ಣ ಹಚ್ಚುತ್ತಾಳೆ, ಆ ಒಂದು ರಾತ್ರಿಗೆ ಗಂಡ ಮತ್ತು ಮಗು ಎರಡನ್ನೂ ಕಳೆದುಕೊಳ್ಳುತ್ತಾಳೆ. ಮೊದಲರ್ಧ ಪುಟ್ಟಣ್ಣ ತೆಗೆದ ಅತ್ಯುತ್ತಮ ಭಾಗಗಳಲ್ಲಿ ಒಂದು. ಕೆಲಸ ಮಾಡುವ ಹೆಣ್ಣು ಮತ್ತು ಸಂಸಾರದ ಹೆಣ್ಣು ಒಂದೇ ಮೈಯಲ್ಲಿ ಇರಲು ಬಿಡದವರನ್ನು ಹೆಸರಿಟ್ಟು ತೋರಿಸುತ್ತದೆ. ದ್ವಿತೀಯಾರ್ಧದಲ್ಲಿ, ತಾಯಿಯೆಂದು ತಿಳಿಯದೆ ಮಗನೇ ಅವಳ ಮೋಹಕ್ಕೆ ಬೀಳುವ ಕಥೆ ಶುರುವಾದ ಮೇಲೆ ರಂಗನಾಯಕಿ ಕಲಾವಿದೆಯಾಗಿ ಉಳಿಯುವುದಿಲ್ಲ, ಒಗಟಿಗೆ ಉತ್ತರವಾಗುತ್ತಾಳೆ. ಆರತಿ ಎರಡೂ ಅರ್ಧಗಳನ್ನು ಒಂದೇ ಉಸಿರಿನಲ್ಲಿ ಹಿಡಿದದ್ದು ಅವರ ಸಾಮರ್ಥ್ಯ.

1982ರ ‘ಮಾನಸ ಸರೋವರ’ದಲ್ಲಿ ಒಂದು ವಿಚಿತ್ರ ನಡೆಯಿತು. ಬುದ್ಧಿಭ್ರಮಣೆಯಾದ ವಾಸಂತಿಯನ್ನು ಮನೋವೈದ್ಯ ಗುಣಪಡಿಸಿ, ಪ್ರೀತಿಸಿ, ಅವಳು ಬೇರೊಬ್ಬನನ್ನು ಆರಿಸಿಕೊಂಡಾಗ ತಾನೇ ಹುಚ್ಚನಾಗುತ್ತಾನೆ. ‘ಶರಪಂಜರ’ ಬಂದು ಹನ್ನೊಂದು ವರ್ಷವಾಗಿತ್ತು, ಅದೇ ಕಥೆ ತಲೆಕೆಳಗಾಗಿ ಬಂತು. ಅಲ್ಲಿ ಗಂಡನ ದ್ರೋಹಕ್ಕೆ ಹೆಣ್ಣು ಮುರಿದಳು; ಇಲ್ಲಿ ಹೆಣ್ಣಿನ ಆಯ್ಕೆಗೆ ಗಂಡು ಮುರಿದ. ನಮ್ಮ ಮರುಕವೆಲ್ಲ ಶ್ರೀನಾಥ್ ಮಾಡಿದ ವೈದ್ಯನಿಗೆ ಹೋಗುವಂತೆ ಚಿತ್ರ ನೋಡಿಕೊಳ್ಳುತ್ತದೆ. ಗುಣವಾದ ರೋಗಿ ವೈದ್ಯನನ್ನು ಪ್ರೀತಿಸಲೇಬೇಕೇ ಎಂದು ವಾಸಂತಿಯ ಪರ ಕೇಳುವವರು ಚಿತ್ರದೊಳಗೆ ಯಾರೂ ಇಲ್ಲ. ಪದ್ಮಾ ವಾಸಂತಿಯ ಈ ಪಾತ್ರ ಯಾರ ಪಟ್ಟಿಗೂ ಬರುವುದಿಲ್ಲ, ನನ್ನ ಪಟ್ಟಿಯಲ್ಲಿ ಮೂರನೆಯ ಜಾಗ ಅವಳಿಗೆ ಮೀಸಲು. ಇಂದಿರೆ ಮಾಡಿದ್ದನ್ನೇ ಅವಳೂ ಮಾಡಿದಳು. ಮೋಹನನಿಗೆ ಒಲ್ಲೆ ಎಂದಾಗ ಚಪ್ಪಾಳೆ ಹೊಡೆದ ನಿರ್ದೇಶಕ ವೈದ್ಯನಿಗೆ ಒಲ್ಲೆ ಎಂದಾಗ ಮುಖ ತಿರುಗಿಸಿದರು.

ಕೊನೆಯ ವರ್ಷಗಳಲ್ಲಿ ಭಾರತಿಗೆ ‘ಋಣಮುಕ್ತಳು’ ಸಿಕ್ಕಿತು. ‘ಮಸಣದ ಹೂವು’ ಅರ್ಧದಲ್ಲಿರುವಾಗಲೇ, 1985ರ ಜೂನ್ 5ರಂದು ಪುಟ್ಟಣ್ಣ ತೀರಿಕೊಂಡರು, ಕೆ.ಎಸ್.ಎಲ್. ಸ್ವಾಮಿ ಅದನ್ನು ಮುಗಿಸಿದರು. ಆ ಚಿತ್ರದಲ್ಲಿ ವೇಶ್ಯಾವಾಟಿಕೆಗೆ ಸಿಕ್ಕಿಬೀಳುವ ಹುಡುಗಿಯಾಗಿ ಬಂದವರು ಅಪರ್ಣಾ, ಮುಂದೆ ನಿರೂಪಕಿಯಾಗಿ ಇಡೀ ನಾಡಿಗೆ ಕನ್ನಡದ ದನಿಯಾದವರು.

ಇನ್ನು ತೀರ್ಪು. ಮಾಧವಿ ನನ್ನನ್ನು ಹೆಚ್ಚು ಕಾಡಿದವಳು, ಆದರೂ ಮೊದಲ ಸ್ಥಾನ ಇಂದಿರೆಗೆ. ಅವಳಿಗೆ ಹುಚ್ಚು ಹಿಡಿಯಲಿಲ್ಲ, ಅವಳು ವಿಷ ಕುಡಿಯಲಿಲ್ಲ, ಬೆಟ್ಟದಿಂದ ಬೀಳಲಿಲ್ಲ. ಒಂದು ಮದುವೆ ಬೇಡ ಎಂದು ಹೇಳಿ ಮಾರನೆಯ ದಿನ ತೋಟದ ಕೆಲಸ, ತಮ್ಮನ ಆರೈಕೆ ನೋಡಿಕೊಳ್ಳಲು ಉಳಿದಳು. ಮೊದಲ ಕನ್ನಡ ಚಿತ್ರದಲ್ಲೇ ಪುಟ್ಟಣ್ಣ ಅಲ್ಲಿಗೆ ಮುಟ್ಟಿದ್ದರು, ಮತ್ತೆ ಅಷ್ಟು ನಿರಾಳವಾಗಿ ಅಲ್ಲಿಗೆ ಹೋಗಲಿಲ್ಲ. ಕಾವೇರಿಯ ಕಡೆಯವರು ನನ್ನ ಮೇಲೆ ಏರಿಬರುವ ಮೊದಲು ದಯವಿಟ್ಟು ‘ಬೆಳ್ಳಿಮೋಡ’ದ ಕೊನೆಯ ಅರ್ಧಗಂಟೆಯನ್ನು ಇನ್ನೊಮ್ಮೆ ನೋಡಿ ಬರಬೇಕು.