ಪದ ಅವರವರದು, ವ್ಯಾಕರಣ ಎಲ್ಲರದು



ಕನ್ನಡವು ದ್ರಾವಿಡ ಕುಲದ ಭಾಷೆ. ಮರಾಠಿ, ಉರ್ದುಗಳು ಇಂಡೋ-ಆರ್ಯ ಕುಲದವು. ಬೇರೆ ಬೇರೆ ಮೂಲದ ಈ ಭಾಷೆಗಳು ಶತಮಾನಗಳ ಕಾಲ ಒಂದೇ ಊರಿನಲ್ಲಿ ಬಾಳಿದರೆ ಏನಾಗುತ್ತದೆ?

ನಮ್ಮ ಬೆಳಗಾವಿ ಜಿಲ್ಲೆಗೆ ಹೊಂದಿಕೊಂಡಿರುವ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಇದಕ್ಕೆ ಉತ್ತರ ದೊರೆಯಿತು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಆ ಊರಿನ ಭಾಷೆಗಳ ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿ ಜೈನರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು. ಮರಾಠಿ, ತೆಲುಗು ಆಡುವವರೂ ಇದ್ದರು. ಪದಗಳು ಬೇರೆಯಾಗಿಯೇ ಉಳಿದಿದ್ದರೂ ವಾಕ್ಯರಚನೆ ಬಹುಮಟ್ಟಿಗೆ ಒಂದಾಗಿತ್ತು. ಶಿಷ್ಟ ಮರಾಠಿಯಲ್ಲಿ ನದಿ ಸ್ತ್ರೀಲಿಂಗ. ಆ ಊರಿನ ಮರಾಠಿಯಲ್ಲಿ ಕನ್ನಡದಂತೆ ನಪುಂಸಕಲಿಂಗ. ಪ್ರತಿಯಾಗಿ, ‘ಇದು ನಿಮ್ಮ ಮನೆ’ ಎಂದು ಮುಗಿಯಬೇಕಾದ ಕನ್ನಡ ವಾಕ್ಯವು ಮರಾಠಿಯಂತೆ ಕೊನೆಗೆ ‘ಇದೆ’ ಎಂಬುದನ್ನು ಸೇರಿಸಿಕೊಂಡಿತ್ತು.

1956ರ ರಾಜ್ಯ ಪುನರ್ವಿಂಗಡಣೆಯ ನಂತರದ ಗಡಿವಾದವು 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿತು. ಆದರೆ ಹೊಲದಲ್ಲಿ, ಸಂತೆಯಲ್ಲಿ ಕೂಡಿ ದುಡಿದ ಜನರು ತಮ್ಮ ಮನೆಮಾತನ್ನು ಬಿಡದೆಯೇ ವ್ಯಾಕರಣವನ್ನು ಹಂಚಿಕೊಂಡಿದ್ದರು. ಕಾಕತಿಯ ಕನ್ನಡದಲ್ಲಿ ಮರಾಠಿಯ ಛಾಯೆಯಿದೆಯೆಂದು ಯಾರಾದರೂ ನಕ್ಕರೆ ತಲೆ ತಗ್ಗಿಸಬೇಡಿ. ನಿಮ್ಮ ಹಿರಿಯರು ನೆರೆಯವರೊಡನೆ ಬಾಳಿದ ಚರಿತ್ರೆ ಆ ಮಾತಿನಲ್ಲಿ ಅಡಗಿದೆ.