ಕುಸನೂರಿನ ಕಿತ್ತಿಕೋ–ಹಚ್ಚಿಕೋ

ಕರ್ನಾಟಕ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಸ್ಥಾಪಿಸಿದವು. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣಂನಲ್ಲಿದ್ದ ಪಾಲಿಫೈಬರ್ಸ್ ಕಾರ್ಖಾನೆಯಲ್ಲಿ ರೇಯಾನ್ ನೂಲಿಗೆ ಬೇಕಾದ ತಿರುಳು ತಯಾರಾಗುತ್ತಿದ್ದು, ಅದಕ್ಕೆ ನೀಲಗಿರಿ ಮರ ಬೇಕಿತ್ತು. ಅದನ್ನು ಬೆಳೆಸಲು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಕಂಪನಿಗೆ ದೀರ್ಘಾವಧಿ ಗುತ್ತಿಗೆ ಕೊಡುವುದೆಂದು ತೀರ್ಮಾನವಾಯಿತು. ಕಡತಗಳ ಪ್ರಕಾರ ಅದು ‘ಸಿ’ ಮತ್ತು ‘ಡಿ’ ದರ್ಜೆಯ ಪಾಳು ಜಮೀನು. ಊರವರಿಗೆ ಅದು ದನ ಮೇಯಿಸುವ ಗಾಯರಾಣ, ಒಲೆಗೆ ಪುಳ್ಳೆ ಆಯುವ ಗುಡ್ಡ, ನೇಗಿಲು–ಕುಂಟೆಗೆ ಕಟ್ಟಿಗೆ ಸಿಗುವ ಜಾಗ. ನೀಲಗಿರಿ ಎಲೆಯನ್ನು ದನಗಳು ಮೂಸಿಯೂ ನೋಡುವುದಿಲ್ಲ. ಹೀಗಾಗಿ ಸ್ವಂತ ಹೊಲವಿಲ್ಲದೆ ನಾಲ್ಕು ಕುರಿ–ಮೇಕೆ ಸಾಕಿಕೊಂಡವರಿಗೇ ಹೆಚ್ಚು ಪೆಟ್ಟು ಬಿತ್ತು. ಪಹಣಿಯಲ್ಲಿ ಅವರ ಹೆಸರಿರಲಿಲ್ಲ. ತಲೆಮಾರುಗಳ ಬಳಕೆಯಷ್ಟೇ ಅವರ ದಾಖಲೆ.

ಈ ಜನರನ್ನು ಸಂಘಟಿಸಿದ್ದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. ಅಮೆರಿಕದಲ್ಲಿ ಉದ್ಯೋಗದಲ್ಲಿದ್ದ ಹಿರೇಮಠರು 1979ರಲ್ಲಿ ಊರಿಗೆ ಮರಳಿ ರಾಣೆಬೆನ್ನೂರು ಸೀಮೆಯ ಮೆಡ್ಲೇರಿಯಲ್ಲಿ ಗ್ರಾಮೀಣ ಅಭಿವೃದ್ಧಿಗೆ ತೊಡಗಿದ್ದರು. ಸಂಘಟನೆ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ಕೋಟ ಶಿವರಾಮ ಕಾರಂತರೂ ಸಹಿ ಹಾಕಿದರು. ಆಗ ಅವರಿಗೆ ಎಂಬತ್ತು ದಾಟಿತ್ತು. 1987ರ ಮಾರ್ಚ್‌ನಲ್ಲಿ ನ್ಯಾಯಾಲಯ ಭೂಮಿ ಹಸ್ತಾಂತರಕ್ಕೆ ತಡೆಯಾಜ್ಞೆ ನೀಡಿತು.

ತಡೆಯಾಜ್ಞೆ ಬಂದ ಮೇಲೂ ಜನ ಸುಮ್ಮನೆ ಕೂರಲಿಲ್ಲ. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಮಂದಿ ಸೇರಿದರು. ಈಗ ಹಾವೇರಿ ಜಿಲ್ಲೆಯಲ್ಲಿರುವ ಆ ಊರು ಅಂದು ಧಾರವಾಡ ಜಿಲ್ಲೆಯಲ್ಲಿತ್ತು. ಅಹಿಂಸೆಯ ಪ್ರಮಾಣ ಮಾಡಿ, ವಾದ್ಯದವರನ್ನು ಮುಂದಿಟ್ಟುಕೊಂಡು, ಮೆರವಣಿಗೆ ವಿವಾದದ ನೆಲಕ್ಕೆ ನಡೆಯಿತು. ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತು, ಅಲ್ಲೇ ಹಣ್ಣು ಮತ್ತು ಮೇವಿನ ಗಿಡಗಳನ್ನು ಹಚ್ಚಿದರು. ಇದೇ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ. ಚದುರುವ ಮುನ್ನ ಅವಕ್ಕೆ ನೀರುಣಿಸಿ ಸಾಕುವ ಹೊಣೆಯನ್ನೂ ಹೊತ್ತರು. 1983ರಲ್ಲಿ ಶಿರಸಿ ಭಾಗದಲ್ಲಿ ಆರಂಭವಾದ ಅಪ್ಪಿಕೋ ಚಳವಳಿಯದು ಇದ್ದ ಮರಗಳನ್ನು ಕಾಯುವ ಕೆಲಸವಾಗಿತ್ತು. ಕುಸನೂರಿನವರದು ಸರ್ಕಾರದ ಒಪ್ಪಿಗೆ ಪಡೆದ ತೋಪನ್ನೇ ಕೀಳುವ ಕೆಲಸ. ಕಾನೂನಿನ ಕಣ್ಣಿನಲ್ಲಿ ಇದು ಹೆಚ್ಚು ಅಪಾಯದ್ದು.

ಬೀದಿ ಮತ್ತು ನ್ಯಾಯಾಲಯ ಎರಡೂ ಕಡೆಯ ಒತ್ತಡಕ್ಕೆ ಸರ್ಕಾರ ಮಣಿಯಿತು. ಕೊನೆಗೆ ಕಂಪನಿಯನ್ನೇ ಮುಚ್ಚಲಾಯಿತು. ಕಾರಂತ, ಹಿರೇಮಠರ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಸಸಿ ಕಿತ್ತವರ ಹೆಸರುಗಳನ್ನು ಹಾನಗಲ್ಲ ಸೀಮೆಯ ಊರುಗಳಲ್ಲೇ ಹುಡುಕಬೇಕು. ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಬಳ್ಳಾರಿಯ ಅಕ್ರಮ ಅದಿರು ಗಣಿಗಾರಿಕೆಯ ವಿರುದ್ಧ ಮತ್ತೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.